ಮೊಣಕೈತನಕ ಕೆಂಪು

ಕೂಡಲಸಂಗಮದಲ್ಲಿ ನಿಂತು ಮಲಪ್ರಭೆಯ ನೀರು ಮೂಸಿದರೆ ಸಾಕು, ಬಾದಾಮಿಯಲ್ಲಿ ಯಾರು ಯಾವ ಸಾಬೂನಿನಲ್ಲಿ ಮೈ ತೊಳೆದರೆಂದು ಹೇಳಬಲ್ಲೆ. ದಂಡೆಯಲ್ಲಿ ನಾನೊಮ್ಮೆ ಕೆಮ್ಮಿದರೆ ಹೊಗೆ ಕಾರುವ ಕಾರ್ಖಾನೆಗಳೆಲ್ಲ ಬಾಯಿ ಮುಚ್ಚಿಕೊಳ್ಳುತ್ತವೆ. ಪರಿಸರ ವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿ ಬಾಗಲಕೋಟೆಯಲ್ಲಿ ನೀರಿನ ಅಧಿಕಾರಿಯಾದವನೆಂದರೆ ಸುಮ್ಮನೆಯೇ?

ರಜೆಗೆ ಇಳಕಲ್ಲಿಗೆ ಬಂದು, ಊಟಕ್ಕೆ ಕುಳಿತು, ಅಂಗಿಯ ತೋಳು ಮಡಚಿ ಇದನ್ನೇ ಹೇಳುತ್ತಿದ್ದೆ. ಮೂವತ್ತು ವರ್ಷ ಸೀರೆಯ ನೂಲಿಗೆ ಬಣ್ಣ ಹಾಕಿದ ಅವ್ವ ರೊಟ್ಟಿ ಬಡಿಸುತ್ತ ನನ್ನ ಕೈ ಹಿಡಿದಳು.

“ಮುತ್ತೂ, ಈ ಕೆಂಪ ಏನಲೇ?”

“ಹೊಲಸು ನೀರು ಪರೀಕ್ಷಾ ಮಾಡಿದ್ನೆಬೇ. ಭಾಳ ಕೆಟ್ಟ ನೀರು!”

“ಪರೀಕ್ಷಾ ಮಾಡಿದ್ರ ಬೆರಳ ತುದಿ ಕೆಂಪಾಗತೈತಿ. ಮೊಣಕೈತನಕ ಆಗಬೇಕಂದ್ರ ನೂಲು ಅದ್ದಿ ಹಿಂಡಬೇಕು. ಯಾರ ಮುಂದ ಹೇಳ್ತಿ?”

ತುತ್ತು ಕೆಳಗಿಟ್ಟೆ.

“ನೌಕರಿ ಸಿಕ್ಕಿಲ್ಲಬೇ. ಐದು ಕಡೆ ಹೋಗಿ ಬಂದೆ. ಎಲ್ಲಾರೂ ಅನುಭವ ಐತೇನಂತ ಕೇಳ್ತಾರ. ಕೆಲಸಾನ ಕೊಡದಿದ್ರ ಅನುಭವ ಎಲ್ಲಿಂದ ತರ್ಲಿ? ಹುನಗುಂದದಾಗ ನೂಲಿಗೆ ಬಣ್ಣ ಹಾಕ್ತೇನಿ. ಖರೆ ಹೇಳ್ಲೇನು? ಉಳಿದ ಬಣ್ಣದ ನೀರು ದಿನಾ ಹಳ್ಳಕ್ಕ ಚೆಲ್ಲಾಂವನೂ ನಾನ.”