ಕೆನೆ ಒಡೆದ ಪೀಪಾಯಿ

ಒಡೀಲ್ ಖಾಲಿ ಹೂಜಿ ಹಿಡಿದು ನಗುತ್ತ ಅಟ್ಟದಿಂದ ಇಳಿದಳು.

“ಮೂಲೆ ಪೀಪಾಯಿ ಎಷ್ಟು ಇಳಿದುಹೋಗಿತ್ತು ಗೊತ್ತಾ? ನೀವ್ಯಾರೂ ನೋಡೇ ಇಲ್ಲ. ಬಾಯಿಮಟ್ಟ ತುಂಬಿಸ್ದೆ.”

ಬಾಯಿಗೆತ್ತಿದ ಬ್ರೆಡ್ಡನ್ನು ನಾನು ತಟ್ಟೆಗೇ ಇಳಿಸಿದೆ.

ನನ್ನ ಹೆಂಡತಿ ಫ್ರಾನ್ಸಿನ ಬರ್ಗಂಡಿ ಸೀಮೆಯವಳು. ಅಲ್ಲಿ ಪೀಪಾಯಿಯ ಓಕ್ ಮರ ಕುಡಿದಷ್ಟು ವೈನನ್ನು ಆಗಾಗ ತುಂಬಿಸದಿದ್ದರೆ ಮನೆತನಕ್ಕೇ ಅವಮಾನ. ಪಕ್ಕದ ನಮ್ಮ ಜೂರಾ ಸೀಮೆಯಲ್ಲಿ ತದ್ವಿರುದ್ಧ. ನೀಲಿ ಜೇಡಿಮಣ್ಣಿನಲ್ಲಿ ಬೆಳೆದ ದ್ರಾಕ್ಷಿಯ ವೈನನ್ನು ಹಳೆಯ ಪೀಪಾಯಿಗೆ ಹಾಕಿ, ಚಳಿಗಾಲ ಕೊರೆಯುವ, ಬೇಸಿಗೆ ಬೇಯಿಸುವ ಅಟ್ಟದಲ್ಲಿ ಆರು ವರ್ಷ ತುಂಬಿಸದೆ ಬಿಡುತ್ತೇವೆ. ವೈನ್ ಇಳಿದಂತೆ ಮೇಲೆ ಹುದುಗಿನ ಬೂದು ಕೆನೆ ಕಟ್ಟುತ್ತದೆ. ಕೆನೆ ಉಳಿದರೆ ಹಳದಿ ವೈನ್, ಮುಳುಗಿದರೆ ವಿನೆಗರ್. ಅವರು ತುಂಬುವವರು, ನಾವು ನಂಬುವವರು.

ಆ ಪೀಪಾಯಿಯಲ್ಲಿದ್ದದ್ದು ಅಮ್ಮ ಸಾಯುವ ಮುಂಚೆ ಕೊಯ್ದ ಕೊನೆಯ ಬೆಳೆ. ಇಷ್ಟನ್ನು ನಾನು ಹೇಳಿ ಮುಗಿಸುವಷ್ಟರಲ್ಲಿ ಒಡೀಲಳ ತುಟಿ ಬಿಳಿಚಿತು. ಮಾವನಿಗೆ ಹೇಳಬೇಡ ಎಂದಳು. ಹೇಳುವುದೇನು ಬಂತು, ಅಟ್ಟದ ಮೆಟ್ಟಿಲು ಆಗಲೇ ಅಪ್ಪನ ಕಾಲಡಿ ಕಿರುಗುಟ್ಟುತ್ತಿತ್ತು.

ಅಪ್ಪ ಆನ್ಸೆಲ್ಮ್ ದಿನಾ ಪೀಪಾಯಿಗಳನ್ನು ಬೆರಳ ಗೆಣ್ಣಿನಿಂದ ಬಡಿದು ನೋಡುತ್ತಾನೆ. ಬೀಗರ ಊರಲ್ಲಿ ವೈನಿಗೂ ಬಾಟಲಿ ಹಾಲು ಕುಡಿಸ್ತಾರಂತೆ ಎಂದು ಮೂಗಿನಲ್ಲಿ ರಾಗ ಎಳೆದು ಅಣಕಿಸುವವನು ಅವನೇ. ನಾವು ಹಿಂದೆಯೇ ಹತ್ತಿದೆವು. ಟೊಣ್, ಟೊಣ್, ಟೊಣ್. ಮೂಲೆಯಲ್ಲಿ ಮಾತ್ರ ಧಪ್.

ಅಪ್ಪ ಇನ್ನೊಮ್ಮೆ ಬಡಿದ. ಧಪ್. ತಿರುಗಿ ನೋಡಿದ. ಒಡೀಲ್ ನನ್ನ ತೋಳಿಗೆ ಉಗುರು ಊರಿದಳು.

“ನಾನೇ, ಮಾವ.”

ಅವನು ಕೂಗಾಡಿದ್ದರೆ ಚೆನ್ನಾಗಿತ್ತು. ಪೀಪಾಯಿಯ ಕೆಳಗಿನ ನಲ್ಲಿ ತಿರುಗಿಸಿ, ಮೇಲೆ ಮೊದಲಿನಷ್ಟೇ ಜಾಗ ಬಿಡುವವರೆಗೆ ವೈನ್ ಇಳಿಸಿದ. ಬಿರಡೆ ತೆಗೆದು ಇಣುಕಿದ. ಕೆನೆಯ ಚೂರೂ ಇರಲಿಲ್ಲ. ಉದ್ದ ಹಿಡಿಯ ಚಮಚದಿಂದ ಪಕ್ಕದ ಪೀಪಾಯಿಯ ಕೆನೆಯನ್ನು ಒಂದಿಷ್ಟು ಎತ್ತಿದ. ಚಮಚ ಗಡಗಡ ನಡುಗಿತು. ಅಪ್ಪನ ಕೈ ನಡುಗಿದ್ದನ್ನು ನಾನು ಅಮ್ಮನನ್ನು ಮಣ್ಣು ಮಾಡಿದ ದಿನವೂ ಕಂಡಿರಲಿಲ್ಲ.

“ನನ್ ಕೈಲಾಗಲ್ಲ. ನೀನೇ ಬಿಡು, ಮಗಳೇ. ಮೆಲ್ಲಗೆ. ಮಲಗಿದ ಮಗೂಗೆ ಹೊದಿಸ್ದಂಗೆ.”

ಒಡೀಲ್ ಉಸಿರು ಬಿಗಿಹಿಡಿದು ಚಮಚ ಇಳಿಸಿದಳು. ನಾನು ಟಾರ್ಚು ಹಿಡಿದೆ. ಕೆನೆ ಜಾರಿತು, ಒಂದು ಅಂಚು ಮುಳುಗಿತು, ಮತ್ತೆ ಮೇಲೆದ್ದು ಕಂಪಿಸುತ್ತ ತೇಲಿತು.

ಹಬ್ಬುತ್ತದೋ ಸಾಯುತ್ತದೋ, ಬೇಸಿಗೆಯ ಸೆಕೆ ಬಂದ ಮೇಲೇ ಗೊತ್ತಾಗುವುದು. ಅಪ್ಪ ಬಿರಡೆಯನ್ನು ಸಡಿಲವಾಗಿ ಇಟ್ಟ.

“ದಿನಾ ಮೂಸಿ ನೋಡೋದು ನಿನ್ ಕೆಲಸ. ವಿನೆಗರ್ ವಾಸನೆ ಬಂದ್ರೆ ಮೊದ್ಲು ನಂಗೆ ಹೇಳು. ನಿನ್ ಗಂಡಂಗೆ ಬೇಡ, ಅತ್ಬಿಡ್ತಾನೆ.”

ಒಡೀಲ್ ಆಗಲೇ ಬಿರಡೆಗೆ ಮೂಗು ಹಚ್ಚಿ ನಿಂತಿದ್ದಳು.