ಒಂದೂವರೆ ತಾಸು ಹಿಂದೆ

ಕೊಟ್ರಮ್ಮನಿಗೆ ಮೈದುನ ಮುರುಗೇಶನ ಮೇಲೆ ನಂಬಿಕೆ ಇರಲಿಲ್ಲ. ಗಂಡ ಅಂದಾನಪ್ಪನ ಹೆಣವನ್ನು ಗೋಡೆಗೆ ಆನಿಸಿ ಕೂರಿಸಿ, ವಾಲದಂತೆ ಎದೆಗೆ ಧೋತರ ಬಿಗಿಯುತ್ತಿದ್ದವರ ನಡುವೆ ಅವಳು ಅವನ ತಲೆ ಹಿಡಿದು ನಿಂತಿದ್ದಳು. ಯಾರೋ ಅವನ ಕೈಗಡಿಯಾರ ಬಿಚ್ಚಲು ಹೋದಾಗ "ಇರ್ಲಿ" ಅಂದಳು. ಕಿವಿ ವೀರೇಶನ ಫೋನಿನ ಕಡೆಗಿತ್ತು.

"ಮುರುಗೇಶ್ ಮಸ್ಕತ್ತಿನಿಂದ ಹೊಂಟಾನಂತ. ತಾನು ಬರೋತನಕ ಕಾಯ್ರಿ ಅಂತಾನ," ಅಂದ ವೀರೇಶ್. ಪಕ್ಕದ ಮನೆಯವನು; ಹಂಪಿಯ ಪ್ರವಾಸಿಗರನ್ನು ವಿಮಾನ ನಿಲ್ದಾಣದಿಂದ ಕರೆತರುವ ಟ್ಯಾಕ್ಸಿ ಅವನದು.

"ಎಷ್ಟೊತ್ತಿನ ದಾರಿ ಅದು?"

"ಹೈದರಾಬಾದಿಗೆ ವಿಮಾನ ಮೂರು ತಾಸು ಹಿಡಿ. ಅಲ್ಲಿಂದ ನಮ್ಮ ಕಮಲಾಪುರಕ್ಕ ಕಾರಿನ್ಯಾಗ ಏಳು ತಾಸು. ರಾತ್ರಿನ ಆಕ್ಕೈತಿ ಅಕ್ಕಾ."

ಆಗ ಬೆಳಗಿನ ಏಳು ಗಂಟೆ.

"ಹನ್ನೆರಡಕ್ಕ ಮಣ್ಣು ಮಾಡ್ತೀವಿ ಅಂತ ಹೇಳು."

ಹಿರಿಯ ಜಂಬಯ್ಯ ತಲೆಯೆತ್ತಿದ. "ಒಡಹುಟ್ಟಿದವ ಅಲ್ಲೇನವ್ವಾ? ಒಂದು ಹಿಡಿ ಮಣ್ಣು ಹಾಕಬ್ಯಾಡೇನು?"

"ಹಾಕಬೇಕಂದ್ರ ಬರ್ತಾನ ಬಿಡ್ರಿ."

*

ತಾಯಿಯಿಲ್ಲದ ಮುರುಗೇಶನನ್ನು ಸಾಕಿದ್ದು ಅಂದಾನಪ್ಪ, ಕೊಟ್ರಮ್ಮ ಇಬ್ಬರೇ. ಐದು ವರ್ಷದ ಹಿಂದೆ ಅವನು ಕ್ರೇನ್ ಓಡಿಸಲು ಮಸ್ಕತ್ತಿಗೆ ಹೋದ ದಿನ ಅಂದಾನಪ್ಪ ತನ್ನ ಕೈಗಡಿಯಾರವನ್ನು ಒಂದೂವರೆ ತಾಸು ಹಿಂದಕ್ಕೆ ತಿರುಗಿಸಿದ. ಅಲ್ಲಿನ ವೇಳೆ ಅದು. ಅವತ್ತಿನಿಂದ ಬಾಳೆಗೊನೆ ಹೊತ್ತು ಹೊರಟರೆ ಹೊಸಪೇಟೆ ಬಸ್ಸು ಹೋಗಿರುತ್ತಿತ್ತು.

"ಮಸ್ಕತ್ ಸಾಹೇಬ್ರು ಬಂದ್ರಲೇ!" ನಿಲ್ದಾಣದಲ್ಲಿ ಕೂತವರು ನಗುತ್ತಿದ್ದರು.

ರಾತ್ರಿ ಗಡಿಯಾರ ಎಂಟು ತೋರಿಸುವತನಕ ಅವನು ತಟ್ಟೆಗೆ ಕೂರುತ್ತಿರಲಿಲ್ಲ. "ಅವನೂ ಈಗ ಉಣ್ತಿರ್ತಾನ" ಅನ್ನುತ್ತಿದ್ದ. ಅವನು ಉಂಡ ಮೇಲೆ ಕೊಟ್ರಮ್ಮನ ಊಟ.

ಒಮ್ಮೆ ಫೋನಿನಲ್ಲಿ ಮುರುಗೇಶನ ದನಿಯ ಹಿಂದೆ ಹೊಸಪೇಟೆ ಕಡೆಯ ಬಸ್ಸಿನ ಕಂಡಕ್ಟರೊಬ್ಬ "ತೋರಣಗಲ್ಲು, ತೋರಣಗಲ್ಲು" ಎಂದು ಕೂಗಿದ್ದು ಅವಳಿಗೆ ಸ್ಪಷ್ಟವಾಗಿ ಕೇಳಿತು.

"ಊರಿನ ನೆನಪಾಗಿ ವಿಡಿಯೋ ನೋಡಾಕತ್ತಿರಬೇಕು," ಅಂದ ಅಂದಾನಪ್ಪ. "ನಿಂದು ಬರೀ ಸಂಶಯ."

ಕಿಡ್ನಿ ಹೋಗಿ ಹಾಸಿಗೆ ಹಿಡಿದಾಗ ಅವನು ತಮ್ಮನನ್ನು ಕೇಳಿದ್ದು ಒಂದೇ: "ಒಂದ್ಸಲ ಮುಖ ತೋರ್ಸಿ ಹೋಗಪಾ."

"ಭಾಳ ದೂರ ಅಣ್ಣಾ. ರಜಾ ಕೊಡಂಗಿಲ್ಲ."

*

ಹನ್ನೊಂದೂವರೆಗೆ ಹೆಣ ಎತ್ತುವಾಗ ಮುರುಗೇಶ್ ಓಡಿ ಬಂದ. ಕೈಯಲ್ಲಿ ಚೀಲವಿಲ್ಲ. ಕಾಲರಿನಿಂದ ಚಪ್ಪಲಿಯವರೆಗೆ ಅದಿರಿನ ಕೆಂಪು ಧೂಳು. ಅಣ್ಣನ ಕಾಲ ಮೇಲೆ ಬಿದ್ದು ಅತ್ತ. ಅದು ಸುಳ್ಳು ಅಳುವಲ್ಲ ಎಂಬುದು ಕೊಟ್ರಮ್ಮನಿಗೂ ಗೊತ್ತಾಯಿತು.

ವೀರೇಶ್ ಬೆರಳು ಮಡಿಸಿ ಲೆಕ್ಕ ಹಾಕಿದ. "ನಾಕೂವರೆ ತಾಸಿನ್ಯಾಗ ಯಾವ ವಿಮಾನಲೇ ಅದು? ಗಣಿ ಒಳಗ ಇಳೀತೇನು?"

"ಮಸ್ಕತ್ತಿನ್ಯಾಗ ಒಂದ ವರ್ಷಕ್ಕ ಕೆಲಸ ಹೋತು ಅತ್ತಿಗಿ," ಮುರುಗೇಶ್ ನೆಲ ನೋಡುತ್ತ ಅಂದ. "ಸಂಡೂರಾಗ ಲಾರಿ ಹೊಡೀತೀನಿ. ಅಣ್ಣ ಊರತುಂಬ ಹೇಳ್ಕೊಂಡು ತಿರುಗಿದ್ದ. ಯಾವ ಮುಖ ಇಟ್ಕೊಂಡು ಬರ್ಲಿ? ಇವತ್ತೂ ಹತ್ತರತನಕ ಬಸ್‌ಸ್ಟ್ಯಾಂಡಿನ್ಯಾಗ ಕುಂತಿದ್ದೆ."

"ಅಲ್ಲಿಂದ ಇಲ್ಲಿಗೆ ಎಷ್ಟೊತ್ತಿನ ದಾರಿ?" ಕೊಟ್ರಮ್ಮ ಕೇಳಿದಳು.

ಅವನು ಕಾಲರಿನ ಧೂಳು ಕೊಡವತೊಡಗಿದ.

"ಹೇಳಲೇ."

"ಹೊಸಪೇಟ್ಯಾಗ ಬಸ್ ಬದಲಿ ಮಾಡಿದ್ರ... ಒಂದೂವರೆ ತಾಸು."

ಕೊಟ್ರಮ್ಮ ಗಂಡನ ಕೈಯಿಂದ ಗಡಿಯಾರ ಬಿಚ್ಚಿದಳು. ಅದರಲ್ಲಿ ಇನ್ನೂ ಹತ್ತು ಗಂಟೆ. ಮುಳ್ಳನ್ನು ತಿರುಗಿಸಿ ಹನ್ನೊಂದೂವರೆಗೆ ತಂದು, ಮುರುಗೇಶನ ಧೂಳುಗೈಗೆ ಬಿಗಿಯಾಗಿ ಕಟ್ಟಿದಳು.

ಮೊದಲ ವರ್ಷ ಬಿಟ್ಟರೆ ನಾಲ್ಕು ವರ್ಷ. ರಾತ್ರಿಗೆ ಒಂದೂವರೆ ತಾಸು. ಸುಮ್ಮನೆ ಹಸಿದ ಎರಡು ಹೊಟ್ಟೆ.