ಎಡಗೈ ಎತ್ತಿದ ತರಗತಿ ಮತ್ತು ನಾನು

ನಾನೊಂದು ಗಾಜಿನ ಜಾಡಿ. ಬಾಯಿ ಅಗಲ, ಹೊಟ್ಟೆ ದಪ್ಪ, ಮುಚ್ಚಳ ಇಲ್ಲ. ಹೀಗೆಂದ ಕೂಡಲೇ ಯಾವುದೋ ಉಪ್ಪಿನಕಾಯಿ ಭರಣಿ ಇರಬೇಕು ಎಂದು ಮೂಗು ಮುರಿಯಬೇಡಿ. ರಾಣೆಬೆನ್ನೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು ನಾನು. ಅಷ್ಟೇ ಅಲ್ಲ, ಕಲಿಸುವುದನ್ನು ಕಲಿಯಲು ಬಂದವರ ಕೈ ನಡುಗುವುದನ್ನು ಒಳಗಿನಿಂದಲೇ ಕಂಡವಳು.

ನಾನು ಹುಟ್ಟಿದ್ದು ಉತ್ತರದ ಕಡೆಯ ಒಂದು ಗಾಜಿನ ಕಾರ್ಖಾನೆಯಲ್ಲಿ. ಮರಳು, ಸೋಡಾ, ಸುಣ್ಣದ ಕಲ್ಲು ಕುಲುಮೆಯಲ್ಲಿ ಕರಗಿ ಬೆಲ್ಲದ ಪಾಕದಂತಾದವು. ಒಬ್ಬ ಮುದುಕ ಉದ್ದನೆಯ ಕೊಳವೆಯ ತುದಿಗೆ ಆ ಪಾಕ ಸುತ್ತಿಕೊಂಡು, ಗಲ್ಲ ಉಬ್ಬಿಸಿ ಊದಿದ. ಅವನ ಉಸಿರೇ ನನ್ನ ಹೊಟ್ಟೆಯಾಯಿತು. ಗಾಳಿಯಿಂದ ಹುಟ್ಟಿದವಳಿಗೆ ಮುಂದೆ ಗಾಳಿಯದೇ ಉದ್ಯೋಗ ಸಿಗುತ್ತದೆಂದು ಆಗ ಗೊತ್ತಿರಲಿಲ್ಲ.

ಹುಲ್ಲಿನಲ್ಲಿ ಸುತ್ತಿಸಿಕೊಂಡು, ಲಾರಿಯಲ್ಲಿ ಕುಲುಕಾಡಿ ರಾಣೆಬೆನ್ನೂರಿಗೆ ಬಂದೆ. ಹೈಸ್ಕೂಲಿನ ಎದುರಿಗೇ ಇದ್ದ ಚನ್ನಬಸಣ್ಣನ ಅಂಗಡಿಯಲ್ಲಿ ಪೆಪ್ಪರಮೆಂಟು ತುಂಬಿಕೊಂಡು ಕುಳಿತೆ. ಅದು ಸುಖದ ಕಾಲ. ಮಕ್ಕಳು ಮೂಗನ್ನು ನನ್ನ ಹೊಟ್ಟೆಗೆ ಒತ್ತಿ ಹಿಡಿದು ಕಿತ್ತಳೆ ಬಣ್ಣದ್ದು ಬೇಕೋ ಹಸಿರು ಬೇಕೋ ಎಂದು ಜಗಳಾಡುತ್ತಿದ್ದರು. ಒಂದು ದಿನ ಚನ್ನಬಸಣ್ಣನ ಕೈಜಾರಿ ನನ್ನ ಮುಚ್ಚಳ ಚೂರುಚೂರಾಯಿತು. ಮುಚ್ಚಳವಿಲ್ಲದ ಜಾಡಿಗೆ ಇರುವೆ ಬರುತ್ತದಲ್ಲ! ನನ್ನನ್ನು ಹಿತ್ತಲಿಗೆ ಎಸೆಯಲು ಹೊರಟಿದ್ದ. ಅಷ್ಟರಲ್ಲಿ ಎಲೆ ಅಡಿಕೆ ಕೊಳ್ಳಲು ಬಂದ ವಿಜ್ಞಾನದ ಇಟಗಿ ಮಾಸ್ತರು ನನ್ನನ್ನು ಎತ್ತಿ ಬೆಳಕಿಗೆ ಹಿಡಿದರು.

"ಚನ್ನಬಸಣ್ಣ, ಇದನ್ನ ನಮಗ ಕೊಡೋ. ಬೋರಲ ಹಾಕಿದರ ಇದಕ್ಕ ಮುಚ್ಚಳ ಯಾಕ ಬೇಕು?"

ಆವತ್ತಿನಿಂದ ನಾನು ಬೋರಲು ಬಿದ್ದೇ ಬದುಕಿದೆ. ಪರಾತದಲ್ಲಿ ಕೆಂಪು ಮಸಿ ಬೆರೆಸಿದ ನೀರು, ನಡುವೆ ಉರಿಯುವ ಮೇಣದ ಬತ್ತಿ, ಅದರ ಮೇಲೆ ಮಕಾಡೆ ನಾನು. ಸ್ವಲ್ಪ ಹೊತ್ತಿಗೆ ಬತ್ತಿ ಆರುತ್ತದೆ, ನೀರು ಸರಸರ ನನ್ನೊಳಗೆ ಏರುತ್ತದೆ. ಮಕ್ಕಳು "ಹೋ" ಎನ್ನುತ್ತಾರೆ. "ಬತ್ತಿ ಆಮ್ಲಜನಕ ತಿಂದು ಹಾಕಿತು, ಖಾಲಿಯಾದ ಜಾಗಕ್ಕ ನೀರು ಬಂತು" ಎಂದು ಮಾಸ್ತರು ಹೇಳುತ್ತಾರೆ. ಎಲ್ಲರೂ ಬರೆದುಕೊಳ್ಳುತ್ತಾರೆ. ವರ್ಷ ವರ್ಷವೂ ಇದೇ ಆಟ.

ಪ್ರತಿ ವರ್ಷ ಬಿ.ಎಡ್. ಕಾಲೇಜಿನಿಂದ ಕಲಿಕೆಯ ಶಿಕ್ಷಕರು ಪಾಠ ಮಾಡಿ ಪಳಗಲು ನಮ್ಮ ಶಾಲೆಗೆ ಬರುತ್ತಿದ್ದರು. ಇಸ್ತ್ರಿ ಮಾಡಿದ ಬಟ್ಟೆ, ಬಗಲಲ್ಲಿ ಸುರುಳಿ ಸುತ್ತಿದ ಚಾರ್ಟು, ಮುಖದಲ್ಲಿ ಜೀವವೇ ಇಲ್ಲ. ಕೆಲವರು ಬೆದರಿದ ಕುರಿಗಳು, ಕೆಲವರು ಬರೀ ಗಂಟಲು. ಅವರ ನಡುವೆ ಬಂದವಳು ಶಕುಂತಲಾ ಬಣಕಾರ. ಹೇಳಿಬಿಡುತ್ತೇನೆ, ನನಗೆ ಅವಳ ಮೇಲೆ ಬಹಳ ಅಭಿಮಾನ. ನನ್ನನ್ನು ಮುಟ್ಟಿದ ಕೈಗಳಲ್ಲೆಲ್ಲ ಅವಳದಷ್ಟು ನಡುಗಿದ್ದು ಬೇರೊಂದಿಲ್ಲ, ಅವಳದಷ್ಟು ಗಟ್ಟಿಯಾದದ್ದೂ ಬೇರೊಂದಿಲ್ಲ.

ಅವಳು ಹೋದ ವರ್ಷ ಪಾಠ ಪರೀಕ್ಷೆಯಲ್ಲಿ ಫೇಲಾಗಿದ್ದಳು. ಹೊರಗಿನ ಪರೀಕ್ಷಕರು ಹಿಂದಿನ ಬೆಂಚಿನಲ್ಲಿ ಕುಳಿತಿದ್ದಾಗ ಒಬ್ಬ ಹುಡುಗ ಏನೋ ಅಡ್ಡ ಪ್ರಶ್ನೆ ಕೇಳಿದ್ದ. ಇವಳ ನಾಲಿಗೆ ಹೊರಳಲಿಲ್ಲ, ಗಂಟೆ ಹೊಡೆಯುವವರೆಗೂ ಕಲ್ಲಿನಂತೆ ನಿಂತಿದ್ದಳಂತೆ. ಈ ಸಲವೂ ಹಾಗಾದರೆ ಶಿಕ್ಷಕಿಯಾಗುವ ಆಸೆ ಬಿಟ್ಟ ಹಾಗೆ. ಮೂರನೆಯ ಸಲ ಕಟ್ಟುವುದಿಲ್ಲ ಎಂದು ಅವಳೇ ಇಟಗಿ ಮಾಸ್ತರ ಮುಂದೆ ಅತ್ತುಕೊಂಡು ಹೇಳಿದ್ದಳು.

ಅದಕ್ಕೇ ಅವಳೂ ಕಲಿಕೆಯ ಶಿಕ್ಷಕರ ಹಳೆಯ ಉಪಾಯಕ್ಕೆ ಬಿದ್ದಳು. ಪರೀಕ್ಷೆಗೆ ಮುಂಚೆ ಅದೇ ತರಗತಿಗೆ ಅದೇ ಪಾಠ ಮಾಡಿ ಮಕ್ಕಳನ್ನು ತಯಾರು ಮಾಡಿಟ್ಟುಕೊಳ್ಳುವುದು. ಬ್ಯಾಚಿನಿಂದ ಬ್ಯಾಚಿಗೆ ಗುಟ್ಟಾಗಿ ದಾಟಿಬರುವ ವಿದ್ಯೆ ಇದು.

"ನಾ ಪ್ರಶ್ನೆ ಕೇಳಿದ ಕೂಡಲೇ ಎಲ್ಲಾರೂ ಕೈ ಎತ್ತಬೇಕು," ಎಂದಳು ಎಂಟನೆಯ ತರಗತಿಗೆ. "ಗೊತ್ತಿದ್ದವರು ಬಲಗೈ ಎತ್ತರಿ. ಗೊತ್ತಿಲ್ಲದವರು ಎಡಗೈ ಎತ್ತರಿ. ನಾ ಬಲಗೈಯವರನ್ನಷ್ಟೇ ಕೇಳತೀನಿ. ತಿಳೀತಿಲ್ಲೋ?"

"ತಿಳೀತ್ರಿ ಅಕ್ಕಾರ!" ಎಂದು ಇಡೀ ತರಗತಿ ಕಿರುಚಿತು. ಮಕ್ಕಳಿಗೆ ಇಂಥದ್ದು ಬೇಗ ತಿಳಿಯುತ್ತದೆ.

ತಾಲೀಮು ಚೆನ್ನಾಗಿಯೇ ನಡೆಯಿತು. ಬತ್ತಿ ಆರಿತು, ನೀರು ಏರಿತು, ಬಲಗೈಯವರು ಗಿಳಿಗಳಂತೆ "ಆಮ್ಲಜನಕರಿ" ಎಂದರು. ಆಗ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಜೈತುನ್ ನದಾಫ ಎಂಬ ಹುಡುಗಿ ಎಡಗೈ ಎತ್ತಿ ಎದ್ದುನಿಂತಳು.

"ಅಕ್ಕಾರ, ಬತ್ತಿ ಉರಿಯೂವಾಗ ನೀರು ಸುಮ್ನ ಇತ್ತಲ್ರಿ? ಆರಿದ ಮ್ಯಾಲೆ ಯಾಕ ಓಡಿ ಬಂತ್ರಿ? ಬತ್ತಿ ತಿನ್ನಕೋತ ಹೋದಂಗ ನೀರೂ ಏರಕೋತ ಹೋಗಬೇಕಾಗಿತ್ತಲ್ರಿ?"

ಶಕುಂತಲಾಳ ಕೈ ನನ್ನ ಮೇಲೆಯೇ ಇತ್ತು. ಅದು ತಣ್ಣಗಾದದ್ದು ನನಗೆ ತಿಳಿಯಿತು. ಹೋದ ವರ್ಷದ ಭೂತ ಮತ್ತೆ ಎದ್ದು ಬಂದಿತ್ತು.

"ಗೈಡಿನಾಗ ಇದ್ದದ್ದಷ್ಟು ಕೇಳು. ಕುಂದ್ರು," ಎಂದಳು.

ಹುಡುಗಿ ಕುಳಿತಳು. ಅಯ್ಯೋ, ಆ ಮುಖ! ಪೆಪ್ಪರಮೆಂಟು ಮುಗಿದಿದೆ ಎಂದು ಚನ್ನಬಸಣ್ಣ ಹೇಳಿದಾಗಲೂ ಯಾವ ಮಗುವಿನ ಮುಖವೂ ಹಾಗೆ ಬಾಡಿದ್ದನ್ನು ನಾನು ನೋಡಿರಲಿಲ್ಲ. ಅದು ಶಕುಂತಲಾಗೂ ಕಂಡಿತು. ಕಂಡದ್ದನ್ನು ಕಾಣಲಿಲ್ಲ ಎನ್ನುವ ಜಾತಿಯವಳಲ್ಲ ಅವಳು. ಶಾಲೆ ಬಿಟ್ಟ ಮೇಲೆ ಪ್ರಯೋಗಶಾಲೆಗೆ ಬಂದು ಒಬ್ಬಳೇ ನನ್ನನ್ನು ಬತ್ತಿಯ ಮೇಲೆ ಕವುಚಿದಳು. ಕಣ್ಣನ್ನು ನೀರಿನ ಮಟ್ಟಕ್ಕೆ ತಂದು ಕುಳಿತಳು. ಬತ್ತಿ ಉರಿಯುತ್ತಿತ್ತು, ನೀರು ಸುಮ್ಮನಿತ್ತು. ನನ್ನ ಅಂಚಿನಿಂದ ಗುಳುಗುಳು ಗುಳ್ಳೆಗಳು ಹೊರಗೆ ಹೋಗುತ್ತಿದ್ದವು. ಇಷ್ಟು ವರ್ಷವೂ ಹೋಗುತ್ತಿದ್ದವು, ನೋಡುವವರು ಇರಲಿಲ್ಲ ಅಷ್ಟೇ. ಎಲ್ಲರ ಕಣ್ಣೂ ಬತ್ತಿಯ ಮೇಲೆ!

ಅವಳು ಇಟಗಿ ಮಾಸ್ತರನ್ನು ಕರೆದಳು. "ಸರ, ಜೈತುನ್ ಕೇಳಿದ್ದು ಖರೇ ಐತ್ರಿ. ನನಗ ಇದು ಗೊತ್ತಿಲ್ಲರಿ."

ಮಾಸ್ತರು ಬಗ್ಗಿ ನೋಡಿದರು, ತಲೆ ಕೆರೆದುಕೊಂಡರು. "ನನಗೂ ಗೊತ್ತಿಲ್ಲವಾ. ನಾನೂ ಗೈಡಿನಾಗ ಇದ್ದಂಗ ಹೇಳಕೋತ ಬಂದೀನಿ. ಜಾಡಿ ಐತಿ, ಬತ್ತಿ ಐತಿ, ಅವನ್ನ ಕೇಳು." ಬಾಗಿಲವರೆಗೆ ಹೋದವರು ತಿರುಗಿದರು. "ಆದರ ನಾಳೆ ಪರೀಕ್ಷೆ ಐತಿ. ನಾಳೆ ಒಂದು ದಿವಸ ಗೈಡಿನಂಗ ಹೇಳಿ ಪಾಸಾಗಿಬಿಡು ತಾಯಿ. ಖರೇ ಎಲ್ಲೂ ಓಡಿ ಹೋಗೂದಿಲ್ಲ."

ಅವರು ಪ್ರೀತಿಯಿಂದಲೇ ಹೇಳಿದರು. ಶಕುಂತಲಾ ಬೆಂಕಿಕಡ್ಡಿ ಗೀರಿದಳು. ಒಂದು ಬತ್ತಿಯ ಪಕ್ಕದಲ್ಲಿ ಇನ್ನೆರಡು ಬತ್ತಿ ಹಚ್ಚಿ ನನ್ನನ್ನು ಕವುಚಿದಳು. ಮೂರರ ಉರಿಗೆ ನನ್ನ ಮೈ ಚುರುಗುಟ್ಟಿತು, ಆದರೆ ಅವಳ ಕಣ್ಣು ಅರಳಿದ್ದನ್ನು ನೋಡುತ್ತ ಉರಿ ಮರೆತೆ.

ಮರುದಿನ ಪರೀಕ್ಷಕರು ಬಂದರು. ಬೇರೆ ಊರಿನವರು, ಕುತ್ತಿಗೆವರೆಗೆ ಗುಂಡಿ ಹಾಕಿದ್ದರು, ನಗು ಎಂಬುದು ಹತ್ತಿರ ಸುಳಿಯಲಿಲ್ಲ. ಹಿಂದಿನ ಬೆಂಚಿನಲ್ಲಿ ಪೆನ್ನು ಬಿಚ್ಚಿ ಕುಳಿತರು. ಶಕುಂತಲಾ ಬತ್ತಿ ಹಚ್ಚಿ ನನ್ನನ್ನು ಕವುಚಿದಳು. ಬತ್ತಿ ಆರಿತು. ಕೆಂಪು ನೀರು ಏರಿತು.

"ನೀರು ಯಾಕ ಮ್ಯಾಲೆ ಬಂತು?"

ಎಲ್ಲ ಕೈಗಳೂ ಒಮ್ಮೆಲೇ ಎದ್ದವು. ಎಂಥ ತರಗತಿ ಎಂದು ಪರೀಕ್ಷಕರ ಹುಬ್ಬು ಮೇಲೇರಿತು. ಇನ್ನೇನು, ಒಂದು ಬಲಗೈಗೆ ಬೆರಳು ತೋರಿಸಿದರೆ ಮುಗಿಯಿತು, ಅವಳು ಪಾಸು. ಬೆರಳು ಅತ್ತ ಹೊರಟದ್ದೂ ನಿಜ. ನಡುದಾರಿಯಲ್ಲಿ ನಿಂತಿತು. ಹಿಂದಿನ ಸಾಲಿನತ್ತ ತಿರುಗಿತು.

"ಜೈತುನ್, ನೀ ಹೇಳು."

ಮುಂದಿನ ಸಾಲಿನ ಹುಡುಗನೊಬ್ಬ ಗಾಬರಿಯಿಂದ ಪಿಸುಗುಟ್ಟಿದ. ಆ ಪಿಸುಮಾತು ಓಣಿಗೆಲ್ಲ ಕೇಳುವಂತಿತ್ತು. "ಅಕ್ಕಾರ, ಅಕ್ಕಾರ, ಆಕೀದು ಎಡಗೈ ಐತ್ರಿ!"

ಪರೀಕ್ಷಕರು ಪೆನ್ನು ಕೆಳಗಿಟ್ಟರು. "ಏನದು ಎಡಗೈ?"

ಮುಗಿಯಿತು ಇವಳ ಕಥೆ ಎಂದುಕೊಂಡೆ. ಹೋದ ವರ್ಷದಂತೆ ಕಲ್ಲಾಗಿ ನಿಲ್ಲುತ್ತಾಳೆ ಎಂದುಕೊಂಡೆ. ಅವಳು ನಿಲ್ಲಲಿಲ್ಲ.

"ಸರ, ಗೊತ್ತಿಲ್ಲದವರು ಎಡಗೈ ಎತ್ತಬೇಕಂತ ನಾನೇ ಹೇಳಿಕೊಟ್ಟಿದ್ದೆರಿ. ಹುಡುಗರದೇನೂ ತಪ್ಪಿಲ್ಲ." ಮೆಲ್ಲಗೆ ತನ್ನ ಎಡಗೈಯನ್ನೂ ಮೇಲೆತ್ತಿದಳು. "ನಿನ್ನೆ ಈ ಹುಡುಗಿ ಕೇಳಿದ್ದಕ್ಕ ನನಗೂ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನಾಕ ಅಂಜಿ ಆಕಿನ್ನ ಕುಂದರಿಸಿದೆ. ಜೈತುನ್, ಇನ್ನೊಮ್ಮೆ ಕೇಳವಾ."

ಜೈತುನ್ ಕೇಳಿದಳು. ಶಕುಂತಲಾ ಮೂರು ಬತ್ತಿ ಹಚ್ಚಿದಳು.

"ಜಾಡಿ ಅದೇ, ಒಳಗಿನ ಆಮ್ಲಜನಕನೂ ಅಷ್ಟೇ. ಬತ್ತಿ ತಿಂದಿದ್ದಕ್ಕ ನೀರು ಏರಿದ್ದಾದರ ಈಗ ಎಲ್ಲೀತನಕ ಬರಬೇಕು?"

"ಮೊದಲಿನಷ್ಟರಿ!"

"ನೋಡೂಣು. ಈ ಸಲ ಬತ್ತಿ ಬ್ಯಾಡ, ಜಾಡಿ ಅಂಚು ನೋಡ್ರಿ."

ಬೆಂಚು ಬಿಟ್ಟು ಎಲ್ಲರೂ ಬಂದು ಮುತ್ತಿಕೊಂಡರು. ಗುಳ್ಳೆ ಹೊರಡುತ್ತಿದ್ದಂತೆ "ಗಾಳಿ ಓಡಿ ಹೊಂಟೈತ್ರಿ!" ಎಂದು ಯಾರೋ ಕೂಗಿದರು. ಬತ್ತಿಗಳು ಆರಿದವು. ನೀರು ಮೊದಲು ಏರಿದ್ದ ಮಟ್ಟವನ್ನು ದಾಟಿ ಎಷ್ಟೋ ಮೇಲಕ್ಕೆ ನುಗ್ಗಿತು. ಆಗಲೇ ಬಿಸಿಯಾದ ನನ್ನ ಮೈಗೆ ತಣ್ಣೀರು ತಾಗಿ ಟಣ್ಣೆಂದಿತು. ಅಂಚಿನಿಂದ ಹೊಟ್ಟೆಯವರೆಗೆ ಕೂದಲೆಳೆಯಂಥ ಬಿರುಕು. ಯಾರೂ ಗಮನಿಸಲಿಲ್ಲ, ನನಗೂ ಕೂಗಬೇಕೆನಿಸಲಿಲ್ಲ. ಯಾಕೆಂದರೆ ಜೈತುನ್ ಮಾತಾಡುತ್ತಿದ್ದಳು.

"ಕಾದ ಗಾಳಿ ಹಿಗ್ಗಿ ಹೊರಗ ಹೋತ್ರಿ. ಬತ್ತಿ ಆರಿ ತಣ್ಣಗಾದ ಮ್ಯಾಲೆ ಉಳಿದ ಗಾಳಿ ಕುಗ್ಗಿತು, ಅದಕ್ಕ ನೀರು ಬಂತ್ರಿ!" ಹೇಳುವ ಭರದಲ್ಲಿ ಎಡಗೈ ಇಳಿಸುವುದನ್ನೇ ಮರೆತಿದ್ದಳು.

ಗುಂಪಿನ ಹಿಂದೆ ಪರೀಕ್ಷಕರೂ ಬಂದು ನಿಂತಿದ್ದರು, ಕತ್ತು ಉದ್ದ ಮಾಡಿಕೊಂಡು. ಗಂಟೆ ಹೊಡೆಯಿತು. "ಪಾಠ ಯೋಜನೆಯಂಗ ನಡೀಲಿಲ್ಲ. ಹುಡುಗರನ್ನ ತಯಾರು ಮಾಡಿದ್ದಕ್ಕ ಮಾರ್ಕ್ಸ್ ಕಡಿತೀನಿ," ಎಂದರು ಗಂಭೀರವಾಗಿ. ಶಕುಂತಲಾ ತಲೆ ಬಗ್ಗಿಸಿದಳು. ಅವರು ಬಾಗಿಲಲ್ಲಿ ನಿಂತು ಒಂದು ಮಾತು ಸೇರಿಸಿದರು. "ಕಡಿದರೂ ಪಾಸ್ ಆಗತೀರಿ. ಆ ಗುಳ್ಳೆ ನಾನೂ ಇವತ್ತೇ ನೋಡಿದ್ದು."

ಶಕುಂತಲಾ ನನ್ನನ್ನು ಎರಡೂ ಕೈಯಲ್ಲಿ ಹಿಡಿದು ಅತ್ತಳು. ಆಗಲೇ ಬಿರುಕು ಕಂಡಿತು. "ಅಯ್ಯ ಶಿವನೇ, ನಿನ್ನ ಒಡದುಬಿಟ್ನಲ್ಲ!" ಎಂದು ಬೆರಳಿಂದ ಸವರಿದಳು. ಒಡೆದರೇನು! ಅಂಗಡಿಯಲ್ಲಿ ಮುಚ್ಚಳ ಒಡೆದು ಶಾಲೆ ಸಿಕ್ಕಿತು, ಶಾಲೆಯಲ್ಲಿ ಮೈ ಒಡೆದು ಇವಳು ಸಿಕ್ಕಳು.

ಇಟಗಿ ಮಾಸ್ತರು ನಿವೃತ್ತರಾದ ಮೇಲೆ ಅದೇ ಶಾಲೆಗೆ ಶಿಕ್ಷಕಿಯಾಗಿ ಬಂದವಳು ಶಕುಂತಲಾ. ಮೊದಲ ದಿನವೇ ನನ್ನನ್ನು ಹುಡುಕಿ ತೆಗೆದಳು. ಬೆಂಕಿಯ ಕೆಲಸ ಇನ್ನು ನನಗಿಲ್ಲ. ಕಿಟಕಿಯ ಮೂಲೆಯಲ್ಲಿ ಕುಳಿತು ಬಣ್ಣದ ಸೀಮೆಸುಣ್ಣ ತುಂಬಿಕೊಂಡಿದ್ದೇನೆ. ದೂರದಿಂದ ನೋಡಿದರೆ ಪೆಪ್ಪರಮೆಂಟೇ ಅನ್ನಬೇಕು. ಈಗ ಅವಳ ತಲೆ ನೆರೆತಿದೆ, ನನ್ನ ಗಾಜು ಮಸುಕಾಗಿದೆ.

ಈ ವರ್ಷವೂ ಕಲಿಕೆಯ ಶಿಕ್ಷಕರು ಬಂದರು. ಒಬ್ಬ ಬಡಕಲು ಹುಡುಗ, ಇಸ್ತ್ರಿ ಅಂಗಿ, ಜೀವವಿಲ್ಲದ ಮುಖ. ಶಕುಂತಲಾ ಸ್ಟಾಫ್ ರೂಮಿಗೆ ಹೋದಾಗ ಅವನು ಬಾಗಿಲು ಓರೆ ಮಾಡಿಕೊಂಡು ಮಕ್ಕಳಿಗೆ ಹೇಳಿಕೊಟ್ಟ. "ಗೊತ್ತಿದ್ದವರು ಬಲಗೈ, ಇಲ್ಲದವರು ಎಡಗೈ." ನಾನು ಮೂಲೆಯಲ್ಲೇ ನಕ್ಕೆ. ಆ ವಿದ್ಯೆ ಇನ್ನೂ ಸತ್ತಿಲ್ಲ ನೋಡಿ! ಶಕುಂತಲಾ ಮರಳಿ ಬಂದು ಹಿಂದಿನ ಬೆಂಚಿನಲ್ಲಿ ಕುಳಿತಳು. ಅವನು ಪಾಠ ಮಾಡಿ, ಬಹಳ ಸುಲಭದ ಒಂದು ಪ್ರಶ್ನೆ ಕೇಳಿದ.

ಇಡೀ ತರಗತಿ ಎಡಗೈ ಎತ್ತಿತು. ಬಲಗೈ ಒಂದೂ ಇಲ್ಲ.

ಪಾಪ, ಅವನ ಮುಖ ಬಿಳಿಚಿಕೊಂಡಿತು. "ಇಷ್ಟೂ ಗೊತ್ತಿಲ್ಲೇನ್ರೋ?"

ಮುಂದಿನ ಸಾಲಿನ ಹುಡುಗಿ ಎದ್ದು ನಿಂತಳು. "ಗೊತ್ತೈತ್ರಿ ಸರ. ಕೇಳೋದೈತ್ರಿ. ನಮ್ಮ ಅಕ್ಕಾರ ಕ್ಲಾಸಿನಾಗ ಎಡಗೈ ಅಂದರ ಪ್ರಶ್ನೆ ಐತಿ ಅಂತರಿ."

ಅವನು ದಿಕ್ಕು ತೋಚದೆ ಹಿಂದಿನ ಬೆಂಚಿನ ಕಡೆ ನೋಡಿದ. ಅಲ್ಲಿ ಶಕುಂತಲಾ ಅಕ್ಕನೂ ಎಡಗೈ ಎತ್ತಿಕೊಂಡು, ತನ್ನ ಸರದಿಗಾಗಿ ಕಾಯುತ್ತ ಕುಳಿತಿದ್ದಳು.